ಸನದು ಮತ್ತು ಪ್ರಮಾಣ: ಪರದೇಶದಲ್ಲಿ ವಿದ್ಯೆಗೆ ಮನ್ನಣೆ ದೊರೆಯುವ ಬಗೆ

ಅರಸನಿಗೆ ತನ್ನ ನಾಡಿನೊಳಗೆ ಮಾತ್ರ ಪೂಜೆ, ವಿದ್ವಾಂಸನಿಗಾದರೋ ಎಲ್ಲೆಡೆಯೂ ಪೂಜೆ ಎಂಬರ್ಥದ ಸುಭಾಷಿತವನ್ನು ಕೇಳದ ವಿದ್ಯಾರ್ಥಿ ಇರಲಾರನು. ಶಾಲೆಯ ಗೋಡೆಗಳ ಮೇಲೆ ಅದನ್ನು ಬರೆಸುವುದುಂಟು. ಬೀಳ್ಕೊಡುಗೆಯ ಭಾಷಣಗಳಲ್ಲಿ ಅದನ್ನು ಸ್ಮರಿಸುವುದುಂಟು. ಆದರೆ ಯಾದಗಿರಿ, ಶಹಾಪುರ, ಸುರಪುರ ಪ್ರಾಂತದಲ್ಲಿ ಹುಟ್ಟಿ, ಕಷ್ಟಪಟ್ಟು ಓದಿ, ಪದವಿಯನ್ನು ಪಡೆದು ಕಡಲಾಚೆಗೆ ಹೋದ ತರುಣನೊಬ್ಬನು ತಾನು ಕಲಿತ ವಿದ್ಯೆಯ ಕೆಲಸ ದೊರೆಯದೆ ಅಲ್ಲಿ ಬಾಡಿಗೆಯ ಕಾರು ನಡೆಸುತ್ತಿದ್ದಾನೆಂದೋ ಉಗ್ರಾಣದಲ್ಲಿ ಪೆಟ್ಟಿಗೆ ಹೊರುತ್ತಿದ್ದಾನೆಂದೋ ತಿಳಿದಾಗ ಆ ಸುಭಾಷಿತವು ಸುಳ್ಳಾಯಿತೇ ಎಂಬ ಸಂದೇಹ ಹುಟ್ಟುವುದು ಸಹಜ. ಮಗನ ಪ್ರಯಾಣಕ್ಕಾಗಿ ನಾಲ್ಕೆಕರೆ ಹೊಲವನ್ನು ಒತ್ತೆಯಿಟ್ಟ ತಂದೆಗೆ ಈ ಸಂದೇಹವು ಬರಿಯ ತರ್ಕದ ವಿಷಯವಲ್ಲ. ಅದು ಮನೆತನದ ಅಳಿವು ಉಳಿವಿನ ಪ್ರಶ್ನೆ. ಆದಕಾರಣ ಒಂದು ನಾಡಿನಲ್ಲಿ ಪಡೆದ ಅರ್ಹತೆಯು ಇನ್ನೊಂದು ನಾಡಿನಲ್ಲಿ ಹೇಗೆ ಮಾನ್ಯವಾಗುತ್ತದೆ, ಯಾವ ಕಾರಣದಿಂದ ಮಾನ್ಯವಾಗದೆ ಉಳಿಯುತ್ತದೆ ಎಂಬುದನ್ನು ವಿದ್ಯಾರ್ಥಿದೆಸೆಯಲ್ಲಿಯೇ ವಿಚಾರಿಸಿ ತಿಳಿಯುವುದು ಅವಶ್ಯಕ.

ಪ್ರಮಾಣಗಳು ನಾಲ್ಕು

ಈ ಪ್ರಾಂತದ ಹಿರಿಯರು ಪದವಿಪತ್ರವನ್ನು ‘ಸನದು’ ಎಂದು ಕರೆಯುತ್ತಿದ್ದರು. ಅರಬ್ಬೀ ಮೂಲದ ಈ ಶಬ್ದಕ್ಕೆ ಆಸರೆ, ಆಧಾರ ಎಂಬುದು ಮೊದಲ ಅರ್ಥ. ಇಂದು ಬಳಕೆಯಲ್ಲಿರುವ ‘ಪ್ರಮಾಣಪತ್ರ’ ಎಂಬ ಶಬ್ದವೂ ಅರ್ಥವತ್ತಾದುದೇ. ಪ್ರಮಾಣವೆಂದರೆ ಯಥಾರ್ಥವಾದ ಜ್ಞಾನಕ್ಕೆ ಸಾಧನವಾದುದು. ಗೌತಮನ ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಪ್ರಮಾಣಗಳನ್ನು ನಾಲ್ಕಾಗಿ ವಿಂಗಡಿಸಲಾಗಿದೆ. ಕಣ್ಣಾರೆ ಕಂಡುದು ಪ್ರತ್ಯಕ್ಷ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ. ಹಸುವನ್ನು ಬಲ್ಲವನು, ಹಸುವಿನಂತೆಯೇ ಇರುವ ಕಾಡಿನ ಮೃಗವನ್ನು ಆ ಹೋಲಿಕೆಯಿಂದ ಗುರುತಿಸುವುದು ಉಪಮಾನ. ಆಪ್ತನಾದವನ, ಎಂದರೆ ನಂಬಿಕೆಗೆ ಅರ್ಹನಾದವನ ಮಾತಿನಿಂದ ತಿಳಿಯುವುದು ಶಬ್ದ.

ಈ ವಿಂಗಡಣೆಯ ಬೆಳಕಿನಲ್ಲಿ ನೋಡಿದರೆ ಪದವಿಪತ್ರವು ಶಬ್ದಪ್ರಮಾಣವೆಂಬುದು ಸ್ಪಷ್ಟ. ‘ಈತನು ಇಂಥ ವಿದ್ಯೆಯನ್ನು ಕಲಿತಿದ್ದಾನೆ’ ಎಂದು ವಿಶ್ವವಿದ್ಯಾಲಯವು ನುಡಿಯುತ್ತದೆ; ಕೇಳುವವನು ನಂಬುತ್ತಾನೆ. ಕೇಳುವವನಿಗೆ ನುಡಿದವನು ಆಪ್ತನಾಗಿರುವವರೆಗೆ ಮಾತ್ರ ಆ ನುಡಿಗೆ ಬೆಲೆ. ಕಲಬುರಗಿಯಲ್ಲಿ 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರು ಬೆಂಗಳೂರಿನ ಅಧಿಕಾರಿಗೆ ಪರಿಚಿತ; ಟೊರಾಂಟೊ ನಗರದ ಯಜಮಾನನಿಗೆ ಅದು ಎಂದೂ ಕೇಳರಿಯದ ಹೆಸರು. ಅಲ್ಲಿ ವಿದ್ಯೆಯು ಕಡಿಮೆಯಾಗಲಿಲ್ಲ. ಆಪ್ತತ್ವವು ಗಡಿಯಲ್ಲಿಯೇ ನಿಂತಿತು. ಹೀಗೆ ನಿಂತುಹೋದ ಶಬ್ದಕ್ಕೆ ಉಳಿದ ಮೂರು ಪ್ರಮಾಣಗಳ ಬಲವನ್ನು ಕೂಡಿಸುವುದೇ ಪರದೇಶದಲ್ಲಿ ಉದ್ಯೋಗವನ್ನು ಅರಸುವವನ ಮುಖ್ಯ ಕಾರ್ಯ. ಈ ಮಾತಿಗೆ ಸುರಪುರದ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ.

ಸುರಪುರಕ್ಕೆ ಬಂದ ಪರದೇಶಿ

ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಕಟ್ಟಡವಿದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಹುಟ್ಟಿದವನು. ಮುಂಬಯಿಯ ವರ್ತಕನೊಬ್ಬನ ಬಳಿ ನೌಕರಿ ಕಾದಿದೆಯೆಂಬ ಭರವಸೆಯನ್ನು ನಂಬಿ 1824ರಲ್ಲಿ, ಹದಿನಾರು ವರುಷ ತುಂಬುವ ಮೊದಲೇ, ಹಡಗನ್ನೇರಿ ಬಂದನು. ಬಂದು ನೋಡಿದರೆ ವರ್ತಕನ ವ್ಯವಹಾರವೇ ಕುಸಿದಿತ್ತು. ಪರದೇಶದಲ್ಲಿ ಕಾಲಿಟ್ಟೊಡನೆಯೇ ಕೈಯಲ್ಲಿದ್ದ ಕರಾರು ನಿಷ್ಪ್ರಯೋಜಕವಾಯಿತು. ಆಗ ಮುಂಬಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬನ ಶಿಫಾರಸಿನಿಂದ ನಿಜಾಮನ ಸೈನ್ಯದಲ್ಲಿ ಅವನಿಗೊಂದು ಹುದ್ದೆ ದೊರೆಯಿತು.

ಟೇಲರನು ಯಾವ ವಿಶ್ವವಿದ್ಯಾಲಯದಲ್ಲಿಯೂ ಓದಿದವನಲ್ಲ. ಆದರೂ ಉರ್ದು, ಫಾರಸಿ, ಮರಾಠಿಗಳನ್ನು ಶ್ರಮಪಟ್ಟು ಕಲಿತನು. ಭೂಮಾಪನ, ಎಂಜಿನಿಯರಿಂಗ್, ಕಾನೂನು, ಭೂವಿಜ್ಞಾನ ಇವೆಲ್ಲವನ್ನೂ ಸ್ವಪ್ರಯತ್ನದಿಂದ ಸಾಧಿಸಿದನು. 1841ರಲ್ಲಿ ಸುರಪುರಕ್ಕೆ ನಿಯುಕ್ತನಾಗಿ, ಬಾಲಕರಾಗಿದ್ದ ರಾಜಾ ವೆಂಕಟಪ್ಪ ನಾಯಕರು ಪ್ರಾಪ್ತವಯಸ್ಕರಾಗುವವರೆಗೆ, ಎಂದರೆ 1853ರವರೆಗೆ, ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಸುರಪುರದ ಅರಸರು ಹಿಂದೆ ಕಟ್ಟಿಸಿದ್ದ ಬೋನಾಳದ ಕೆರೆಯನ್ನು ಸುಧಾರಿಸಿದ ಕೀರ್ತಿ ಅವನದು. ರಾಜನಕೋಳೂರು, ಶಹಾಪುರದ ಬಳಿಯ ವಿಭೂತಿಹಳ್ಳಿ ಮೊದಲಾದೆಡೆಗಳ ಬೃಹತ್ ಶಿಲಾ ಸಂಸ್ಕೃತಿಯ ನೆಲೆಗಳನ್ನು ಅಳೆದು, ಚಿತ್ರಿಸಿ, ವಿದ್ವತ್ ಲೋಕಕ್ಕೆ ಪರಿಚಯಿಸಿದವರಲ್ಲಿ ಅವನು ಮೊದಲಿಗನು. ಐರ್ಲೆಂಡಿನ ರಾಯಲ್ ಅಕಾಡೆಮಿಯು ಅವನನ್ನು ತನ್ನ ಸದಸ್ಯನನ್ನಾಗಿ ಸ್ವೀಕರಿಸಿತು. ಅವನ ಆತ್ಮಚರಿತ್ರೆಯು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ ಪ್ರಕಟವಾಯಿತು.

ಈ ವೃತ್ತಾಂತದಿಂದ ‘ಸನದು ಬೇಡ, ದುಡಿಮೆಯೊಂದೇ ಸಾಕು’ ಎಂಬ ಸರಳವಾದ ನೀತಿಯನ್ನು ತೆಗೆಯುವುದು ತಪ್ಪಾದೀತು. ಟೇಲರನ ಶ್ರಮವು ನಿಜ. ಆದರೆ ಅವನಿಗೆ ಬಾಗಿಲು ತೆರೆದದ್ದು ಆಪ್ತನೊಬ್ಬನ ಶಬ್ದದಿಂದ. ಆಳುವ ಜನಾಂಗಕ್ಕೆ ಸೇರಿದವನಾದುದರಿಂದ, ತನ್ನ ಕೆಲಸವನ್ನು ಪ್ರತ್ಯಕ್ಷವಾಗಿ ತೋರಿಸುವ ಅವಕಾಶವನ್ನು ಅವನು ಬೇಡಬೇಕಾಗಲಿಲ್ಲ. ಅವನು ದುಡಿದ ಅಧಿಕಾರವೇ ಮುಂದೆ ಸಂಸ್ಥಾನವನ್ನು ನುಂಗಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ವೆಂಕಟಪ್ಪ ನಾಯಕರು ಸೆರೆಯಾಗಿ, ಅದೇ ವರ್ಷ ಗುಂಡೇಟಿನಿಂದ ಅಂತ್ಯವನ್ನು ಕಂಡರು. 1860ರಲ್ಲಿ ಸುರಪುರವು ನಿಜಾಮನಿಗೆ ಹಸ್ತಾಂತರವಾಯಿತು. ಪರದೇಶಿಯ ಅರ್ಹತೆಯನ್ನು ಅಳೆಯುವ ಕೋಲು ಯಾರ ಕೈಯಲ್ಲಿರುತ್ತದೆ ಎಂಬುದು ಅರ್ಹತೆಯಷ್ಟೇ ಮುಖ್ಯವಾದ ಪ್ರಶ್ನೆಯೆಂಬುದನ್ನು ಈ ಚರಿತ್ರೆ ತೋರಿಸುತ್ತದೆ.

ಗಡಿ ದಾಟದೆ ಪರದೇಶಿಗಳಾದವರು

ಎರಡನೆಯ ನಿದರ್ಶನವು ಇನ್ನೂ ಹತ್ತಿರದ ಕಾಲದ್ದು. ನಿಜಾಮನ ಮಂತ್ರಿಯಾಗಿದ್ದ ಒಂದನೆಯ ಸಾಲಾರ್ ಜಂಗನು ಹತ್ತೊಂಬತ್ತನೆಯ ಶತಮಾನದಲ್ಲಿ ಆಡಳಿತವನ್ನು ಸುಧಾರಿಸಲು ಉತ್ತರ ಹಿಂದುಸ್ತಾನದಿಂದ ಸುಶಿಕ್ಷಿತರನ್ನು ಕರೆಸಿಕೊಂಡನು. ಹೊರಗಿನ ಸನದನ್ನು ಹೊತ್ತು ಬಂದವರು ದೊಡ್ಡ ಹುದ್ದೆಗಳನ್ನೇರಿದಾಗ, ನಾಡಿನವರಲ್ಲಿ ಅಸಮಾಧಾನ ಬೆಳೆಯಿತು. ‘ಮುಲ್ಕಿ’, ‘ಗೈರ್ ಮುಲ್ಕಿ’ ಎಂಬ ಭೇದವು ಹುಟ್ಟಿ, ಸರಕಾರಿ ನೌಕರಿಗೆ ಮುಲ್ಕಿಯಾಗಿರುವುದು ಅವಶ್ಯಕವೆಂಬ ನಿಯಮಗಳು ರೂಪುಗೊಂಡವು. ಪರದೇಶಗಳು ಇಂದು ಹೊರಗಿನವರಿಗೆ ವಿಧಿಸುವ ನಿಬಂಧನೆಗಳನ್ನು ಕಂಡು ಸಿಟ್ಟಾಗುವವರು, ಅಂಥ ನಿಬಂಧನೆಗಳನ್ನು ಈ ನಾಡೂ ಒಮ್ಮೆ ವಿಧಿಸಿತ್ತೆಂಬುದನ್ನು ನೆನೆಯುವುದು ಲೇಸು.

1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅಲ್ಲಿ ವಿಜ್ಞಾನವೂ ಕಾನೂನೂ ವೈದ್ಯವೂ ಉರ್ದುವಿನಲ್ಲಿಯೇ ಬೋಧಿಸಲ್ಪಡುತ್ತಿದ್ದವು. ಮನೆಯಲ್ಲಿ ಕನ್ನಡವನ್ನಾಡುತ್ತಿದ್ದ ಯಾದಗಿರಿ, ಶಹಾಪುರದ ಬಾಲಕರು ಮೇಲಿನ ತರಗತಿಗಳನ್ನು ಉರ್ದುವಿನಲ್ಲಿ ಓದಿ, ಉರ್ದುವಿನ ಸನದನ್ನು ಪಡೆದು, ಉರ್ದುವಿನ ದಫ್ತರಗಳಲ್ಲಿ ಕೆಲಸ ಮಾಡಿದರು. 1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಪ್ರದೇಶಗಳು ಮೈಸೂರು ರಾಜ್ಯವನ್ನು ಸೇರಿದವು. ಬಹುಕಾಲದ ಹಂಬಲವು ಈಡೇರಿದ ಆ ಶುಭದಿನದ ಮರುದಿನವೇ ಉರ್ದು ದಫ್ತರದ ಗುಮಾಸ್ತನು ತನ್ನ ಮನೆಯ ಹೊಸ್ತಿಲನ್ನು ದಾಟದೆಯೇ ಪರದೇಶದ ಅರ್ಹತೆಯುಳ್ಳವನಾದನು. ನೆಲ ಅದೇ, ಕೆಲಸ ಅದೇ. ಸನದನ್ನು ಓದುವವರು ಮಾತ್ರ ಬದಲಾದರು.

ಆದರೆ ಅವನಿಗೊಂದು ರಕ್ಷೆಯಿತ್ತು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯು, ಹಳೆಯ ರಾಜ್ಯದ ನೌಕರರ ಸೇವಾ ನಿಯಮಗಳನ್ನು ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ಅವರಿಗೆ ಹಾನಿಯಾಗುವಂತೆ ಬದಲಿಸಕೂಡದೆಂದು ವಿಧಿಸಿತು. ಯಾವ ರಾಜ್ಯದ ಯಾವ ಹುದ್ದೆಯು ಯಾವುದಕ್ಕೆ ಸಮಾನವೆಂದು ತೂಗಿ ನೋಡುವ ಕಾರ್ಯವೂ ನಡೆಯಿತು. ಕಡಲಾಚೆಗೆ ಹೋಗುವವನಿಗೆ ಇಂಥ ಕಾಯಿದೆಯ ಛತ್ರವಿಲ್ಲ. ತೂಗಿಸಿಕೊಳ್ಳುವ ಹೊರೆಯು ಅವನ ಹೆಗಲ ಮೇಲೆಯೇ ಬೀಳುತ್ತದೆ. ಆ ಹೊರೆಯ ಸ್ವರೂಪವನ್ನು ಇನ್ನು ಪ್ರಮಾಣಗಳ ಕ್ರಮದಲ್ಲಿ ನೋಡಬಹುದು.

ಶಬ್ದ: ಕಾಗದವನ್ನು ನಂಬಿಸುವುದು

ಮೊದಲನೆಯ ಹಂತವು ಕಾಗದವು ನಕಲಿಯಲ್ಲವೆಂದು ತೋರಿಸುವುದು. 1961ರ ಹೇಗ್ ಒಪ್ಪಂದದಂತೆ ಒಂದು ದೇಶದ ಸರಕಾರವು ಹಾಕುವ ‘ಅಪೊಸ್ಟಿಲ್’ ಎಂಬ ಮುದ್ರೆಯನ್ನು ಒಪ್ಪಂದದ ಇತರ ದೇಶಗಳು ಮಾನ್ಯಮಾಡುತ್ತವೆ. ಭಾರತದಲ್ಲಿ ಇದು 2005ರ ಜುಲೈ ತಿಂಗಳಿನಿಂದ ಜಾರಿಯಲ್ಲಿದ್ದು, ವಿದೇಶಾಂಗ ಸಚಿವಾಲಯವು ಈ ಮುದ್ರೆಯನ್ನು ನೀಡುತ್ತದೆ. ಒಪ್ಪಂದಕ್ಕೆ ಸೇರದ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಈ ಮುದ್ರೆಯು ಸಹಿಯೂ ಮೊಹರೂ ನಿಜವೆಂದು ಮಾತ್ರ ಹೇಳುತ್ತದೆ. ಒಳಗಿರುವ ವಿದ್ಯೆಯ ಮಟ್ಟವನ್ನು ಹೇಳುವುದಿಲ್ಲ. ಇದನ್ನೇ ಮನ್ನಣೆಯೆಂದು ಭ್ರಮಿಸಿದವರು ಅನೇಕರು. ವೈದ್ಯರು, ದಾದಿಯರು ಮೊದಲಾದವರ ವಿಷಯದಲ್ಲಿ ಪರದೇಶದ ಸಂಸ್ಥೆಗಳು ಅಭ್ಯರ್ಥಿಯು ತಂದ ಪ್ರತಿಯನ್ನು ನೆಚ್ಚದೆ ಕಾಲೇಜಿನಿಂದಲೂ ವಿಶ್ವವಿದ್ಯಾಲಯದಿಂದಲೂ ನೇರವಾಗಿ ಉತ್ತರವನ್ನು ತರಿಸಿಕೊಳ್ಳುತ್ತವೆ. ಕಾಲೇಜಿನ ಕಚೇರಿಯು ಆ ಪತ್ರಕ್ಕೆ ಉತ್ತರಿಸದೆ ಉಳಿದರೆ ವಿದ್ಯಾರ್ಥಿಯ ಅರ್ಜಿಯೂ ಅಲ್ಲಿಯೇ ಉಳಿಯುತ್ತದೆ.

ಈ ಪ್ರಾಂತದವರಿಗೆ ವಿಶೇಷವಾಗಿ ಒದಗುವ ತೊಡಕೊಂದಿದೆ. 2000ದ ಇಸವಿಯಲ್ಲಿ ಶಹಾಪುರದಲ್ಲಿ ಹುಟ್ಟಿದವನ ಜನನಪತ್ರದಲ್ಲಿ ಜಿಲ್ಲೆಯು ಗುಲಬರ್ಗಾ. 2009ರ ಡಿಸೆಂಬರಿನಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದುದರಿಂದ ಮುಂದಿನ ಕಾಗದಗಳಲ್ಲಿ ಜಿಲ್ಲೆಯು ಯಾದಗಿರಿ. 2014ರ ನವೆಂಬರ್ 1ರಿಂದ ಗುಲಬರ್ಗಾ ನಗರವು ಕಲಬುರಗಿಯಾಯಿತು. ಸುರಪುರವು ಹಲವು ಇಂಗ್ಲಿಷ್ ಕಾಗದಗಳಲ್ಲಿ ಶೋರಾಪುರವಾಗಿರುತ್ತದೆ. ಇವೆಲ್ಲವೂ ಇಲ್ಲಿಯವರಿಗೆ ಸಹಜ. ಪರದೇಶದ ಗುಮಾಸ್ತನಿಗೆ ಒಬ್ಬನೇ ಮನುಷ್ಯನು ಮೂರು ಊರುಗಳಲ್ಲಿ ಹುಟ್ಟಿದಂತೆ ತೋರುತ್ತದೆ. ಹೆಸರಿನ ವಿಷಯವೂ ಹಾಗೆಯೇ. ಒಂದು ಕಾಗದದಲ್ಲಿ ಮಲ್ಲಿಕಾರ್ಜುನಪ್ಪ, ಇನ್ನೊಂದರಲ್ಲಿ ಮಲ್ಲಿಕಾರ್ಜುನ, ಮತ್ತೊಂದರಲ್ಲಿ ಮಲ್ಲಪ್ಪ. ತಂದೆಯ ಹೆಸರು ಮುಂದೋ ಮನೆತನದ ಹೆಸರು ಮುಂದೋ ಎಂಬ ನಿಶ್ಚಯವಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೆಸರು ಯಾವ ರೀತಿಯಲ್ಲಿ ಅಚ್ಚಾಗುತ್ತದೆಯೋ ಆ ರೀತಿಯಲ್ಲಿಯೇ ಮುಂದಿನ ಎಲ್ಲ ಪತ್ರಗಳಲ್ಲಿಯೂ ಇರುವಂತೆ ನೋಡಿಕೊಳ್ಳತಕ್ಕದ್ದು. ಶಾಲೆಯಲ್ಲಿ ಹೆಸರನ್ನು ಬರೆದುಕೊಳ್ಳುವ ಉಪಾಧ್ಯಾಯರ ಲೇಖನಿಗೂ ಈ ಹೊಣೆಯಿದೆ.

ಉಪಮಾನ: ಹೋಲಿಸಿ ತೂಗುವುದು

ಕಾಗದವು ನಿಜವೆಂದಾದ ಮೇಲೆ, ಇಲ್ಲಿಯ ಪದವಿಯು ಅಲ್ಲಿಯ ಯಾವ ಪದವಿಗೆ ಸಮಾನವೆಂಬ ಪ್ರಶ್ನೆ ಬರುತ್ತದೆ. 1967ರಲ್ಲಿ ವಲಸೆಗಾರರನ್ನು ಅಂಕಗಳಿಂದ ಅಳೆಯುವ ಪದ್ಧತಿಯನ್ನು ಆರಂಭಿಸಿದ ಕೆನಡಾ ದೇಶವು ಇಂದು ಮಾನ್ಯತೆ ಪಡೆದ ಕೆಲವು ಸಂಸ್ಥೆಗಳಿಂದ ಪದವಿಯ ಸಮಾನತೆಯನ್ನು ಅಳೆಯಿಸುತ್ತದೆ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ದೇಶದೊಳಗೆ ಪ್ರವೇಶಿಸಲು ನೀಡುವ ಅಂಕ ಬೇರೆ. ವೃತ್ತಿಯನ್ನು ನಡೆಸಲು ನೀಡುವ ಪರವಾನಗಿ ಬೇರೆ. ಮೊದಲನೆಯದನ್ನು ವಲಸೆ ಇಲಾಖೆಯು ನೀಡಿದರೆ, ಎರಡನೆಯದನ್ನು ಆಯಾ ಪ್ರಾಂತದ ವೃತ್ತಿಮಂಡಲಿಯು ನೀಡುತ್ತದೆ. ಎಂಜಿನಿಯರನೆಂದು ಅಂಕವನ್ನು ಪಡೆದು ಒಳಗೆ ಹೋದವನು ಅಲ್ಲಿ ಎಂಜಿನಿಯರನೆಂದು ಸಹಿಹಾಕುವ ಅಧಿಕಾರವಿಲ್ಲದೆ ನಿಲ್ಲುವುದು ಈ ಭೇದವನ್ನು ಅರಿಯದುದರಿಂದಲೇ.

ಉದ್ಯೋಗಗಳಲ್ಲಿಯೂ ಎರಡು ಬಗೆ. ವೈದ್ಯ, ದಾದಿ, ಶಾಲೆಯ ಅಧ್ಯಾಪಕ, ವಕೀಲ ಇವರ ಕೆಲಸಕ್ಕೆ ಬಹುತೇಕ ಎಲ್ಲ ದೇಶಗಳಲ್ಲಿಯೂ ಪರವಾನಗಿ ಬೇಕು. ಗಣಕಯಂತ್ರದ ತಂತ್ರಾಂಶವನ್ನು ರಚಿಸುವವರಿಗೆ ಸಾಮಾನ್ಯವಾಗಿ ಅಂಥ ಪರವಾನಗಿ ಬೇಕಿಲ್ಲ. ಯಜಮಾನನು ಒಪ್ಪಿದರೆ ಸಾಕು. ತಂತ್ರಾಂಶದವರು ಸುಲಭವಾಗಿ ನೆಲೆಗೊಂಡುದನ್ನು ಕಂಡು, ದಾದಿಗೂ ಅಧ್ಯಾಪಕನಿಗೂ ಅದೇ ದಾರಿಯೆಂದು ಭಾವಿಸುವುದು ತಪ್ಪು.

ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮನ್ನಣೆಗಾಗಿ 1989ರಲ್ಲಿ ‘ವಾಷಿಂಗ್ಟನ್ ಅಕಾರ್ಡ್’ ಎಂಬ ಒಪ್ಪಂದವಾಯಿತು. 2014ರ ಜೂನ್ ತಿಂಗಳಲ್ಲಿ ಭಾರತದ ರಾಷ್ಟ್ರೀಯ ಮಾನ್ಯತಾ ಮಂಡಳಿಯು ಅದರ ಪೂರ್ಣ ಸದಸ್ಯನಾಯಿತು. ಆದರೆ ಇದರ ಪ್ರಯೋಜನವು ಕಾಲೇಜಿನ ಹೆಸರಿಗೆ ದೊರೆಯುವುದಲ್ಲ. ಆ ಮಂಡಳಿಯು ಒಪ್ಪಂದದ ಮಟ್ಟಕ್ಕೆ ತಕ್ಕುದೆಂದು ಮಾನ್ಯಮಾಡಿದ ವಿಭಾಗಗಳಿಗೆ ಮಾತ್ರ ದೊರೆಯುವುದು. ಒಂದೇ ಕಾಲೇಜಿನಲ್ಲಿ ಸಿವಿಲ್ ವಿಭಾಗಕ್ಕೆ ಮಾನ್ಯತೆಯಿದ್ದು ಮೆಕ್ಯಾನಿಕಲ್ ವಿಭಾಗಕ್ಕೆ ಇಲ್ಲದಿರಬಹುದು. ಸೇರುವ ದಿನವೇ ಇದನ್ನು ವಿಚಾರಿಸುವುದು ಜಾಣತನ.

ಐ.ಟಿ.ಐ. ಕಲಿತ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಶಿಯನ್ನರಿಗೂ ಇಂದು ದಾರಿಯುಂಟು. ಜರ್ಮನಿಯು 2012ರಲ್ಲಿ ಹೊರದೇಶದ ವೃತ್ತಿ ಅರ್ಹತೆಗಳನ್ನು ಮಾನ್ಯಮಾಡುವ ಕಾಯಿದೆಯನ್ನೂ, 2020ರ ಮಾರ್ಚಿನಿಂದ ಕುಶಲಕರ್ಮಿಗಳ ವಲಸೆಗೆ ಹೊಸ ಕಾಯಿದೆಯನ್ನೂ ಜಾರಿಗೆ ತಂದಿತು. ಅಭ್ಯರ್ಥಿಯು ಕಲಿತುದನ್ನು ಜರ್ಮನಿಯ ಅದೇ ವೃತ್ತಿಯ ಶಿಕ್ಷಣದೊಡನೆ ಹೋಲಿಸಿ, ಕೊರತೆಯಿದ್ದರೆ ಯಾವ ಭಾಗವು ಕೊರತೆಯೆಂದು ಲಿಖಿತವಾಗಿ ತಿಳಿಸುತ್ತಾರೆ. ಅಷ್ಟನ್ನು ಕಲಿತರೆ ಪೂರ್ಣ ಮನ್ನಣೆ. ಹೀಗೆ ಹೋಲಿಸಲು ಅವರಿಗೆ ಬೇಕಾದುದು ಅಂಕಗಳಿಗಿಂತ ಮಿಗಿಲಾಗಿ ಪಠ್ಯಕ್ರಮ: ಯಾವ ವಿಷಯ, ಎಷ್ಟು ಗಂಟೆ, ಎಷ್ಟು ಪ್ರಯೋಗ. ಪರೀಕ್ಷೆ ಮುಗಿದೊಡನೆ ಪಠ್ಯಕ್ರಮದ ಪುಸ್ತಿಕೆಯನ್ನು ರದ್ದಿಗೆ ಹಾಕುವ ವಿದ್ಯಾರ್ಥಿಯು ತನ್ನ ತಕ್ಕಡಿಯ ಬಟ್ಟನ್ನೇ ಎಸೆಯುತ್ತಾನೆ.

ಪ್ರತ್ಯಕ್ಷ: ಪರೀಕ್ಷೆಗೆ ನಿಲ್ಲುವುದು

ಜೀವಕ್ಕೆ ಸಂಬಂಧಿಸಿದ ವೃತ್ತಿಗಳಲ್ಲಿ ಹೋಲಿಕೆಯೊಂದೇ ಸಾಲದು. ಬ್ರಿಟನ್ನಿನ ವೈದ್ಯಮಂಡಲಿಯು 1930ರಲ್ಲಿ ಭಾರತದ ವೈದ್ಯಪದವಿಗಳ ಮನ್ನಣೆಯನ್ನು ತಡೆಹಿಡಿದಾಗ, ನಾಡಿನ ಶಿಕ್ಷಣಮಟ್ಟವನ್ನು ನಾಡಿನವರೇ ನೋಡಿಕೊಳ್ಳಬೇಕೆಂದು 1933ರ ಕಾಯಿದೆಯಂತೆ ಭಾರತೀಯ ವೈದ್ಯಮಂಡಲಿಯು ಸ್ಥಾಪಿತವಾಯಿತು. ಮುಂದೆ 1975ರಲ್ಲಿ ಬ್ರಿಟನ್ ಹೊರದೇಶದ ವೈದ್ಯರಿಗೆ ಭಾಷೆ ಮತ್ತು ವೃತ್ತಿಜ್ಞಾನಗಳ ಪರೀಕ್ಷೆಯನ್ನು ವಿಧಿಸಿತು. ಇಂದು ‘ಪ್ಲಾಬ್’ ಎಂದು ಹೆಸರಾದ ಆ ಪರೀಕ್ಷೆಯ ಮೊದಲ ಭಾಗವನ್ನು ಭಾರತದಲ್ಲಿಯೇ ಬರೆಯಬಹುದು. ರೋಗಿಯೊಡನೆ ನಡೆದುಕೊಳ್ಳುವ ರೀತಿಯನ್ನು ಕಣ್ಣಾರೆ ನೋಡುವ ಎರಡನೆಯ ಭಾಗವು ಮ್ಯಾಂಚೆಸ್ಟರಿನಲ್ಲಿ ನಡೆಯುತ್ತದೆ. ಅಮೆರಿಕದಲ್ಲಿ ಹೊರಗಿನ ವೈದ್ಯರ ಅರ್ಹತೆಯನ್ನು ನೋಡಲು 1956ರಲ್ಲಿಯೇ ಒಂದು ಸಂಸ್ಥೆ ಹುಟ್ಟಿತು. ಅಲ್ಲಿ ಹಂತಹಂತದ ಪರೀಕ್ಷೆಗಳಾದ ಮೇಲೂ ಆಸ್ಪತ್ರೆಯಲ್ಲಿ ವರುಷಗಟ್ಟಲೆ ತರಬೇತಿಯನ್ನು ಪಡೆಯಬೇಕು. ದಾದಿಯರಿಗೆ ಬ್ರಿಟನ್ನಿನಲ್ಲಿ ಒಂದು ಗಣಕಯಂತ್ರದ ಪರೀಕ್ಷೆ, ಒಂದು ಪ್ರಾಯೋಗಿಕ ಪರೀಕ್ಷೆ, ಅವುಗಳ ಜೊತೆಗೆ ಇಂಗ್ಲಿಷ್ ಭಾಷೆಯ ಪರೀಕ್ಷೆ.

ಇದು ಪರದೇಶದವರ ಅಹಂಕಾರವೆಂದು ದೂರುವವರಿದ್ದಾರೆ. ಆದರೆ ಹೊರದೇಶದಲ್ಲಿ ವೈದ್ಯವನ್ನು ಓದಿ ಬಂದ ಭಾರತೀಯರಿಗೇ ಭಾರತವು 2002ರಿಂದ ಪ್ರತ್ಯೇಕ ಪರೀಕ್ಷೆಯನ್ನು ವಿಧಿಸಿದೆಯೆಂಬುದನ್ನು ಮರೆಯಲಾಗದು. ರೋಗಿಯ ಜೀವವನ್ನು ಅಪರಿಚಿತನ ಕೈಗೆ ಒಪ್ಪಿಸುವ ಮುನ್ನ ಕಣ್ಣಾರೆ ನೋಡಬೇಕೆಂಬುದು ಧರ್ಮವೇ. ಆ ನೋಟವು ಎಲ್ಲರಿಗೂ ಸಮಾನವಾಗಿರಬೇಕು, ನೋಡುವ ಬಾಗಿಲು ನಿಜವಾಗಿಯೂ ತೆರೆದಿರಬೇಕು ಎಂಬುದು ಅಭ್ಯರ್ಥಿಯು ಕೇಳಬೇಕಾದ ನ್ಯಾಯ.

ಅನುಮಾನ ಮತ್ತು ಅನ್ಯೋನ್ಯಾಶ್ರಯ ದೋಷ

ಕನ್ನಡದ ನಿತ್ಯದ ಬಳಕೆಯಲ್ಲಿ ಅನುಮಾನವೆಂದರೆ ಸಂಶಯ; ಶಾಸ್ತ್ರದಲ್ಲಿ ಅದು ತಿಳಿವಿನ ಸಾಧನ. ಪರದೇಶದ ಯಜಮಾನನಲ್ಲಿ ಈ ಎರಡು ಅರ್ಥಗಳೂ ಕೂಡಿಯೇ ಇರುತ್ತವೆ. ಅಭ್ಯರ್ಥಿಯು ಹಿಂದೆ ಮಾಡಿದ ಕೆಲಸವನ್ನು ನೋಡಿ ಮುಂದೆ ಮಾಡಬಲ್ಲುದನ್ನು ಅವನು ಊಹಿಸುತ್ತಾನೆ. ಆದಕಾರಣ ಅನುಭವದ ಪತ್ರವು ಹೊಗೆಯಂತೆ ಸ್ಪಷ್ಟವಾಗಿ ಕಾಣಬೇಕು. ‘ಈತನು ನಮ್ಮಲ್ಲಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾನೆ’ ಎಂಬ ಒಂದು ಸಾಲಿನಿಂದ ಏನನ್ನೂ ಊಹಿಸಲಾಗದು. ನಾರಾಯಣಪುರ ಎಡದಂಡೆ ಕಾಲುವೆಯ ಕೆಲಸದಲ್ಲಿ ತೊಡಗಿದ ಮೋಜಣಿದಾರನ ಪತ್ರದಲ್ಲಿ ಎಷ್ಟು ಉದ್ದದ ಕಾಲುವೆ, ಯಾವ ಉಪಕರಣ, ಯಾವ ವರುಷದಿಂದ ಯಾವ ವರುಷದವರೆಗೆ, ಯಾರ ಮೇಲ್ವಿಚಾರಣೆ ಎಂಬುದೆಲ್ಲವೂ ಇದ್ದರೆ, ಆ ಪತ್ರವು ಎಲ್ಲಿ ಹೋದರೂ ಮಾತನಾಡುತ್ತದೆ.

ಆದರೆ ‘ಈ ದೇಶದಲ್ಲಿ ಕೆಲಸ ಮಾಡಿದ ಅನುಭವವೇ ಬೇಕು’ ಎನ್ನುವ ಯಜಮಾನರೂ ಇದ್ದಾರೆ. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಒಂದು ಇನ್ನೊಂದನ್ನು, ಆ ಇನ್ನೊಂದು ಮೊದಲಿನದನ್ನೇ ಆಶ್ರಯಿಸುವ ಇದನ್ನು ತರ್ಕದಲ್ಲಿ ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ. ದೋಷವು ಅಭ್ಯರ್ಥಿಯದಲ್ಲ, ನಿಬಂಧನೆಯದು. ಕೆನಡಾದ ಒಂಟಾರಿಯೊ ಪ್ರಾಂತದ ಮಾನವ ಹಕ್ಕುಗಳ ಆಯೋಗವು 2013ರಲ್ಲಿ ಇಂಥ ನಿಬಂಧನೆಯು ಮೇಲ್ನೋಟಕ್ಕೇ ತಾರತಮ್ಯವೆಂದು ಸಾರಿತು. ಅಲ್ಲಿಯ ಎಂಜಿನಿಯರುಗಳ ಮಂಡಲಿಯು 2023ರಲ್ಲಿ ಪರವಾನಗಿಗೆ ಕೆನಡಾದ ಅನುಭವವೇ ಬೇಕೆಂಬ ನಿಯಮವನ್ನು ಕೈಬಿಟ್ಟಿತು. ಪ್ರಶ್ನಿಸಿದವರು ಇದ್ದುದರಿಂದ ನಿಯಮವು ಬದಲಾಯಿತು. ತನ್ನ ಸೋಲೆಲ್ಲವೂ ತನ್ನ ಅಯೋಗ್ಯತೆಯಿಂದಲೇ ಆಯಿತೆಂದು ಪರದೇಶದಲ್ಲಿ ಕೊರಗುವ ತರುಣನು ಈ ಭೇದವನ್ನು ಅರಿತರೆ ಅರ್ಧ ದುಃಖವು ಇಳಿದೀತು.

ಹೊರಡುವ ಮುನ್ನ

ಈ ನಾಲ್ಕು ಪ್ರಮಾಣಗಳಿಗೂ ವಾಹನವಾಗಿರುವುದು ಭಾಷೆ. ಜರ್ಮನ್ ಭಾಷೆಯ ಜ್ಞಾನವನ್ನು ಆರು ಹಂತಗಳಲ್ಲಿ ಅಳೆಯುತ್ತಾರೆ. ದಾದಿಯ ಪೂರ್ಣ ಮನ್ನಣೆಗೆ ಸಾಮಾನ್ಯವಾಗಿ ನಾಲ್ಕನೆಯ ಹಂತ ಬೇಕಾಗುತ್ತದೆ. ನಿಜಾಮನ ನಾಡಿಗೆ ಬಂದ ಟೇಲರನು ನಾಡಿನ ಭಾಷೆಗಳನ್ನು ಕಲಿತು ಬೆಳೆದನು. ನಾಡು ಬದಲಾದಾಗ ಉರ್ದು ಗುಮಾಸ್ತನು ಕನ್ನಡದ ಬರವಣಿಗೆಯನ್ನು ರೂಢಿಸಿಕೊಳ್ಳಬೇಕಾಯಿತು. ಇಂದಿನ ವಿದ್ಯಾರ್ಥಿಗೂ ಬೇರೆ ದಾರಿಯಿಲ್ಲ.

ಮಧ್ಯವರ್ತಿಗಳ ವಿಷಯದಲ್ಲಿ ಎಚ್ಚರವಿರತಕ್ಕದ್ದು. 1983ರ ವಲಸೆ ಕಾಯಿದೆಯು ಪರದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟನು ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕೆಂದು ವಿಧಿಸಿತು. ಅದರ ನಿಯಮಗಳಂತೆ ಏಜೆಂಟನು ಪಡೆಯಬಹುದಾದ ಸೇವಾಶುಲ್ಕದ ಮಿತಿಯು ತೆರಿಗೆಯನ್ನು ಬಿಟ್ಟು 30,000 ರೂಪಾಯಿ. ಲಕ್ಷಗಟ್ಟಲೆ ಕೇಳುವವನು, ಹೊಲದ ಪಹಣಿಯನ್ನು ತರಲು ಹೇಳುವವನು, ಪ್ರವಾಸಿಯ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹಿಡಿಯಬಹುದೆನ್ನುವವನು, ಈ ಮೂವರೂ ಆಪ್ತರಲ್ಲ. ಅವರ ಶಬ್ದವು ಪ್ರಮಾಣವಲ್ಲ. ಹಣವನ್ನು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಈ ಕೆಲಸಕ್ಕೆ ಆ ದೇಶದಲ್ಲಿ ಪರವಾನಗಿ ಬೇಕೇ? ಬೇಕಾದರೆ ಅದನ್ನು ಕೊಡುವ ಮಂಡಲಿ ಯಾವುದು? ಇಲ್ಲಿಂದ ಹೊರಡುವ ಮುನ್ನವೇ ಆ ಮಂಡಲಿಯಿಂದ ಲಿಖಿತ ಉತ್ತರವನ್ನು ಪಡೆಯಬಹುದೇ? ಮೂರನೆಯ ಪ್ರಶ್ನೆಗೆ ಅನೇಕ ವೃತ್ತಿಗಳಲ್ಲಿ ‘ಪಡೆಯಬಹುದು’ ಎಂಬುದೇ ಉತ್ತರ. ಅದಕ್ಕೆ ತಗಲುವ ಖರ್ಚು ಹೊಲದ ಬೆಲೆಗೆ ಹೋಲಿಸಿದರೆ ಅತ್ಯಲ್ಪ.

ಉಪಸಂಹಾರ

ಕಾಶ್ಮೀರದ ಅರಸನಾಗಿದ್ದವನು ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರುವ ಕಾಯಕವನ್ನು ಕೈಗೊಂಡು ಮೋಳಿಗೆಯ ಮಾರಯ್ಯನೆನಿಸಿದನೆಂದು ಪರಂಪರೆಯು ಹೇಳುತ್ತದೆ. ಪರದೇಶದಲ್ಲಿ ಕೆಲಕಾಲ ಕೆಳಗಿನ ಕೆಲಸವನ್ನು ಮಾಡುವುದು ಅವಮಾನವಲ್ಲವೆನ್ನಲು ಈ ಚರಿತೆಯನ್ನು ಉದಾಹರಿಸುವುದುಂಟು. ಯಾವ ದುಡಿಮೆಯೂ ಕೀಳಲ್ಲವೆಂಬುದು ದಿಟ. ಆದರೆ ಮಾರಯ್ಯನು ಕಟ್ಟಿಗೆಯನ್ನು ಆರಿಸಿಕೊಂಡವನು. ಉಗ್ರಾಣದಲ್ಲಿ ಪೆಟ್ಟಿಗೆ ಹೊರುವ ಎಂಜಿನಿಯರನು ಅದನ್ನು ಆರಿಸಿಕೊಂಡವನಲ್ಲ. ಅದು ವಿರಕ್ತಿ, ಇದು ನಿರ್ಬಂಧ. ಎರಡನ್ನೂ ಒಂದೆಂದು ಹೇಳಿ ನಿರ್ಬಂಧಕ್ಕೊಳಗಾದವನನ್ನು ಸಮಾಧಾನಪಡಿಸುವುದು ನ್ಯಾಯವಲ್ಲ. ಅವನಿಗೆ ಬೇಕಾದುದು ಸಮಾಧಾನವಲ್ಲ. ಮುಂದಿನ ಪರೀಕ್ಷೆಯ ತಿಥಿ, ಓದಲು ಬಿಡುವು, ದಾರಿಯನ್ನು ಮೊದಲೇ ನಡೆದ ನಾಡಿನವರ ನಾಲ್ಕು ಮಾತು. ಬಿಟ್ಟ ವಿದ್ಯೆಗೆ ತುಕ್ಕು ಹಿಡಿಯುವ ಮೊದಲು ಅದು ದೊರೆಯಬೇಕು.

ಮೊದಲಿನ ಸುಭಾಷಿತವು ಹಾಗಾದರೆ ಸುಳ್ಳೇ? ಸುಳ್ಳಲ್ಲ, ಅದು ಹೇಳದೆ ಬಿಟ್ಟ ಮಾತೊಂದಿದೆ. ವಿದ್ಯೆಗೆ ಎಲ್ಲೆಡೆಯೂ ಮನ್ನಣೆಯುಂಟು. ಆದರೆ ಪ್ರತಿಯೊಂದು ಎಡೆಯಲ್ಲಿಯೂ ಅದು ತನ್ನ ಪರಿಚಯವನ್ನು ಹೊಸದಾಗಿ ಹೇಳಿಕೊಳ್ಳಬೇಕು. ಬರಗಾಲದ ವರುಷಗಳಲ್ಲಿ ಈ ಪ್ರಾಂತದಿಂದ ಬೆಂಗಳೂರಿಗೂ ಪುಣೆಗೂ ಮುಂಬಯಿಗೂ ಗುಳೆ ಹೋಗುವ ಕುಟುಂಬಗಳಿಗೆ ತೋರಿಸಲು ಯಾವ ಸನದೂ ಇಲ್ಲ. ಅವರ ಮಕ್ಕಳು ಮುಂದೆ ಗುಳೆಯಾಗಿ ಹೋಗದೆ ವಿದ್ಯಾವಂತರಾಗಿ ಹೋಗಲೆಂದೇ ಶಾಲೆಗಳಿವೆ. ಹಾಗೆ ಹೋಗುವವನ ಪೆಟ್ಟಿಗೆಯಲ್ಲಿ ಸನದಿನೊಡನೆ ಪಠ್ಯಕ್ರಮವೂ, ಕೆಲಸದ ವಿವರವಾದ ಪತ್ರವೂ, ಆ ನಾಡಿನ ಭಾಷೆಯ ಪುಸ್ತಕವೂ ಇರಲಿ. ಹೊಲದ ಪಹಣಿಯು ಮನೆಯಲ್ಲಿಯೇ ಉಳಿಯಲಿ.